ಮೆದುಳಿನ ಮಾಹಿತಿ ದೇಶ ದಾಟಿದರೆ ಕಾಯುವ ಕಾನೂನು ಯಾವುದು?

ಮೆದುಳಿನ ಎಂಆರ್‌ಐ ಸ್ಕ್ಯಾನ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಆಸ್ಪತ್ರೆಯವರು ದೊಡ್ಡ ಲಕೋಟೆಯಲ್ಲಿ ಹಾಕಿಕೊಡುವ ಕಪ್ಪು ಫಿಲ್ಮ್. ಆದರೆ ಫಿಲ್ಮ್ ಬರೀ ನಕಲು. ಅಸಲು ಇರುವುದು ಯಂತ್ರದ ಕಂಪ್ಯೂಟರಿನಲ್ಲಿ, ಪದರ ಪದರವಾಗಿ ಜೋಡಿಸಿಟ್ಟ ಅಂಕಿಗಳ ರೂಪದಲ್ಲಿ. ಆ ಕಡತವನ್ನು ಕೆಲವೇ ನಿಮಿಷಗಳಲ್ಲಿ ಲಂಡನ್ನಿಗೋ ಲಾಸ್ ಏಂಜಲಿಸ್‌ಗೋ ಕಳುಹಿಸಬಹುದು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೊರಟ ಕಾಸರಗೋಡಿನ ರೋಗಿಗಳು ಗಡಿಯಲ್ಲೇ ನಿಲ್ಲಬೇಕಾಯಿತು. ರೋಗಿಯನ್ನು ಹೀಗೆ ತಡೆಯಬಹುದು, ಅವನ ಸ್ಕ್ಯಾನನ್ನು ತಡೆಯುವ ಗೇಟು ಯಾವ ರಸ್ತೆಯಲ್ಲೂ ಇಲ್ಲ.

ರಾಜ್ಯದ ಗಡಿ ಈ ವಿಷಯದಲ್ಲಿ ದೊಡ್ಡ ತೊಡಕಲ್ಲ. ಮಂಜೇಶ್ವರದವರು ಮಂಗಳೂರಿನಲ್ಲಿ, ಜತ್ತದವರು ವಿಜಯಪುರದಲ್ಲಿ, ಮಡಕಶಿರದವರು ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿಸಿದರೂ ಖಾಸಗಿ ಮಾಹಿತಿಗೆ ಅನ್ವಯವಾಗುವುದು ಭಾರತದ ಒಂದೇ ಕಾನೂನು. ಜಮೀನಿನ ಕಾಗದಕ್ಕೆ ಒಂದು ಕಡೆ ಪಹಣಿ, ಇನ್ನೊಂದು ಕಡೆ ಅಡಂಗಲ್, ಮತ್ತೊಂದು ಕಡೆ ಸಾತ್‌ಬಾರಾ ಎಂದು ಹೆಸರು ಬದಲಾಗುವಂತೆ ಇಲ್ಲಿ ಆಗುವುದಿಲ್ಲ. ದೇಶದ ಗಡಿ ದಾಟಿದಾಗ ಮಾತ್ರ ಕಥೆಯೇ ಬೇರೆ. ಒಂದೇ ಕಡತ ಒಂದು ದೇಶದಲ್ಲಿ ವ್ಯಕ್ತಿಯ ಖಾಸಗಿ ಸ್ವತ್ತಿನಂತೆ ರಕ್ಷಣೆ ಪಡೆಯುತ್ತದೆ, ಇನ್ನೊಂದು ದೇಶದಲ್ಲಿ ಹೆಸರಿಲ್ಲದ ಮಾಹಿತಿ ಎನಿಸಿಕೊಂಡು ಮುಕ್ತವಾಗಿ ಓಡಾಡುತ್ತದೆ. ಈ ಅಂತರವನ್ನು ಹೇಗೆ ತುಂಬಬೇಕು ಎಂಬ ಚರ್ಚೆ ಮೆದುಳು ವಿಜ್ಞಾನಿಗಳ ನಡುವೆ ಹಲವು ವರ್ಷಗಳಿಂದ ನಡೆದಿದೆ. ಸ್ಕ್ಯಾನ್‌ಗೆ ತಲೆಯೊಡ್ಡುವ ಹಳ್ಳಿಯವರಿಗೆ ಅದರ ಸುದ್ದಿ ತಲುಪಿದ್ದು ಕಡಿಮೆ.

ಹಂಚಿಕೊಳ್ಳುವುದಾದರೂ ಏಕೆ?

ಹರಿಯಾಣದ ಬಲ್ಲಭಗಢದ ಉದಾಹರಣೆ ನೋಡೋಣ. 1990ರ ದಶಕದಲ್ಲಿ ಅಲ್ಲಿನ 28 ಹಳ್ಳಿಗಳಲ್ಲಿ 55 ವರ್ಷ ದಾಟಿದ 5,126 ಮಂದಿಯನ್ನು ಭಾರತ ಮತ್ತು ಅಮೆರಿಕದ ತಜ್ಞರು ಒಟ್ಟಾಗಿ ಪರೀಕ್ಷಿಸಿದರು. ಮುಪ್ಪಿನ ಮರೆವಿನ ಕಾಯಿಲೆ ಎಷ್ಟು ಜನರಿಗಿದೆ ಎಂದು ತಿಳಿಯುವುದು ಉದ್ದೇಶ. ಅವರಲ್ಲಿ ಶೇ. 73ರಷ್ಟು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಅಮೆರಿಕದಲ್ಲಿ ಬಳಸುವ ಪರೀಕ್ಷೆಯಲ್ಲಿ 'ಒಂದು ವಾಕ್ಯ ಬರೆಯಿರಿ' ಎಂಬ ಪ್ರಶ್ನೆ ಇದೆ. ಅಕ್ಷರವೇ ಬಾರದವರಿಗೆ ಅದನ್ನು ಕೇಳಿದರೆ ಊರಿಗೆ ಊರೇ ಮರೆವಿನ ರೋಗಿಗಳ ಪಟ್ಟಿಗೆ ಸೇರಬೇಕಾಗುತ್ತಿತ್ತು. ಹಾಗಾಗಿ ನಿರಕ್ಷರಿಗಳಿಗೂ ಹೊಂದುವಂತೆ ಹಿಂದಿಯಲ್ಲಿ ಬೇರೆಯೇ ಪರೀಕ್ಷೆ ಸಿದ್ಧವಾಯಿತು. ಅಲ್ಲಿನ ಫಲಿತಾಂಶವನ್ನು ಪೆನ್ಸಿಲ್ವೇನಿಯಾದ ಮೊನೊಂಗಹೀಲ ಕಣಿವೆಯ ಹಳ್ಳಿ, ಸಣ್ಣ ಪಟ್ಟಣಗಳ ಫಲಿತಾಂಶದ ಜೊತೆ ಹೋಲಿಸಲಾಯಿತು. 65 ದಾಟಿದ ಸಾವಿರ ಜನರಲ್ಲಿ ವರ್ಷಕ್ಕೆ ಹೊಸದಾಗಿ ಆಲ್ಝೈಮರ್ಸ್ ಕಾಣಿಸಿಕೊಂಡದ್ದು ಬಲ್ಲಭಗಢದಲ್ಲಿ 4.7, ಅಮೆರಿಕದ ಕಣಿವೆಯಲ್ಲಿ 17.5 ಎಂದು 2001ರಲ್ಲಿ ಪ್ರಕಟವಾಯಿತು. ಇಷ್ಟು ವ್ಯತ್ಯಾಸಕ್ಕೆ ಆಯುಸ್ಸು, ವಂಶವಾಹಿ, ಊಟ, ಬದುಕಿನ ರೀತಿ ಹೀಗೆ ಹಲವು ಕಾರಣಗಳನ್ನು ತಜ್ಞರು ಚರ್ಚಿಸಿದ್ದಾರೆ. ಎರಡೂ ಕಡೆಯ ಲೆಕ್ಕವನ್ನು ಒಟ್ಟಿಗಿಟ್ಟು ನೋಡದಿದ್ದರೆ ವ್ಯತ್ಯಾಸವಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ.

ಮೆದುಳಿನ ವಿಷಯದಲ್ಲಿ ಸಂಖ್ಯೆಯೂ ಮುಖ್ಯ. ಒಬ್ಬರ ಮೆದುಳಿನಂತೆ ಇನ್ನೊಬ್ಬರದು ಇರುವುದಿಲ್ಲ. ಐವತ್ತು ಜನರ ಸ್ಕ್ಯಾನ್ ನೋಡಿ ಸ್ಕಿಜೋಫ್ರೇನಿಯಾ ಅಥವಾ ಮೂರ್ಛೆರೋಗ ಮೆದುಳಿನಲ್ಲಿ ಮಾಡುವ ಬದಲಾವಣೆ ಇಂಥದ್ದೇ ಎಂದು ಖಚಿತವಾಗಿ ಹೇಳಲಾಗದು. ಸಾವಿರಾರು ಬೇಕು, ಬೇರೆ ಬೇರೆ ಜನಾಂಗದವರದು ಬೇಕು. ಈ ತನಕ ಜಗತ್ತಿನಲ್ಲಿ ಕೂಡಿಟ್ಟಿರುವ ಮೆದುಳು ಮತ್ತು ವಂಶವಾಹಿ ಮಾಹಿತಿಯಲ್ಲಿ ದೊಡ್ಡ ಪಾಲು ಯುರೋಪ್ ಮೂಲದವರದು. ಅದರ ಆಧಾರದ ಮೇಲೆ ತಯಾರಾಗುವ ಔಷಧಿ, ಪರೀಕ್ಷೆಗಳು ಇಲ್ಲಿನವರಿಗೆ ಹೊಂದುತ್ತವೆಯೇ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಏನನ್ನೂ ಹೊರಗೆ ಕೊಡುವುದಿಲ್ಲ ಎಂದು ಬಾಗಿಲು ಮುಚ್ಚಿ ಕೂತರೆ ನಷ್ಟ ಇಲ್ಲಿನವರಿಗೇ.

ಗಡಿ ತಾಲೂಕುಗಳಲ್ಲೂ ಅಧ್ಯಯನ

ಇದು ದೂರದ ಮಾತು ಎಂದುಕೊಳ್ಳುವ ಹಾಗಿಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಆಂಧ್ರದ ಮದನಪಲ್ಲಿ ಸೀಮೆಗೆ ಅಂಟಿಕೊಂಡ ತಾಲೂಕು, ಮನೆಮನೆಯಲ್ಲಿ ಕನ್ನಡ ತೆಲುಗು ಎರಡೂ ಕೇಳಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 2018ರಲ್ಲಿ ಈ ತಾಲೂಕಿನಲ್ಲಿ ದೀರ್ಘಕಾಲದ ಅಧ್ಯಯನವೊಂದನ್ನು ಆರಂಭಿಸಿತು. 45 ವರ್ಷ ಮೇಲ್ಪಟ್ಟ 10,000 ಗ್ರಾಮೀಣರ ನೆನಪಿನ ಶಕ್ತಿ, ರಕ್ತ, ವಂಶವಾಹಿ ಮತ್ತು ಮೆದುಳಿನ ಸ್ಕ್ಯಾನ್ ಮಾಹಿತಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿ ಅದರದು. ಹಣ ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್‌ನದು. ಅಂದರೆ ಹಣವೂ ಸಂಸ್ಥೆಯೂ ಈ ದೇಶದ್ದೇ.

ಎರಡು ದೇಶಗಳು ಸೇರಿ ನಡೆಸಿದ ಅಧ್ಯಯನಗಳೂ ಇವೆ. ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಮುಂದಾಳತ್ವದ 'ಸಿ-ವೇದ' ಅಧ್ಯಯನಕ್ಕೆ ಐಸಿಎಂಆರ್ ಮತ್ತು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಎರಡೂ ಹಣ ಕೊಟ್ಟವು. ಬೆಂಗಳೂರು, ಮೈಸೂರು, ಮದನಪಲ್ಲಿ ಬಳಿಯ ರಿಷಿ ವ್ಯಾಲಿ, ಚಂಡೀಗಢ, ಕೋಲ್ಕತ್ತ, ಇಂಫಾಲಗಳಿಂದ 6ರಿಂದ 23 ವರ್ಷದ 9,010 ಮಕ್ಕಳು, ಯುವಕರು ಇದರಲ್ಲಿ ಸೇರಿದರು ಎಂದು 2020ರ ವರದಿ ಹೇಳುತ್ತದೆ. ಬಡತನ, ಅಡುಗೆ ಹೊಗೆ, ನೀರಿನ ವಿಷ ಇವೆಲ್ಲ ಬೆಳೆಯುವ ಮೆದುಳಿಗೆ ಏನು ಮಾಡುತ್ತವೆ ಎಂಬುದು ಅಲ್ಲಿನ ಪ್ರಶ್ನೆ. ದೆಹಲಿಯ ಏಮ್ಸ್ ಮತ್ತು ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ನಡೆಸಿದ ಮರೆವಿನ ಕಾಯಿಲೆಯ ಸಮೀಕ್ಷೆಯಲ್ಲಿ 2017ರಿಂದ 2020ರ ನಡುವೆ 60 ದಾಟಿದ 4,096 ಭಾರತೀಯರನ್ನು ಪರೀಕ್ಷಿಸಲಾಯಿತು. ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಎಂಬ ಅಂದಾಜು ಬಂದದ್ದು ಇದರಿಂದಲೇ. ಇದರ ಮಾಹಿತಿ, ಹೆಸರು ವಿಳಾಸ ತೆಗೆದು, ನೋಂದಾಯಿಸಿಕೊಂಡ ಬೇರೆ ದೇಶಗಳ ಸಂಶೋಧಕರಿಗೂ ಸಿಗುತ್ತದೆ.

ಹೆಸರು ಅಳಿಸಿದರೆ ಸಾಕೇ?

'ಹೆಸರು ವಿಳಾಸ ತೆಗೆದು' ಎಂಬ ಮಾತಿನಲ್ಲೇ ತೊಡಕಿರುವುದು. ಸ್ಕ್ಯಾನ್ ಕಡತದ ತಲೆಬರಹದಲ್ಲಿ ಹೆಸರು, ವಯಸ್ಸು, ಆಸ್ಪತ್ರೆಯ ನಂಬರು, ದಿನಾಂಕ ಇರುತ್ತವೆ. ಅವನ್ನು ಅಳಿಸುವುದು ಸುಲಭ. ಆದರೆ ಯಂತ್ರ ಮೆದುಳನ್ನಷ್ಟೇ ಚಿತ್ರಿಸುವುದಿಲ್ಲ, ಮೂಗು, ಹಣೆ, ಗಲ್ಲ ಎಲ್ಲವನ್ನೂ ಸೇರಿಸಿ ಚಿತ್ರಿಸುತ್ತದೆ. ಪದರಗಳನ್ನು ಜೋಡಿಸಿದರೆ ಕಂಪ್ಯೂಟರಿನಲ್ಲಿ ಮನುಷ್ಯನ ಮುಖವೇ ಎದ್ದು ಬರುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ತಂಡ 2019ರಲ್ಲಿ ಇದನ್ನು ಪರೀಕ್ಷಿಸಿತು. 84 ಮಂದಿ ಸ್ವಯಂಸೇವಕರ ಫೋಟೊ ಹಾಗೂ ಹೆಸರಿಲ್ಲದ ಸ್ಕ್ಯಾನ್‌ಗಳನ್ನು ಮುಖ ಗುರುತಿಸುವ ಸಾಫ್ಟ್‌ವೇರಿಗೆ ಕೊಟ್ಟಾಗ ಅದು 70 ಮಂದಿಯನ್ನು ಸರಿಯಾಗಿ ಹೊಂದಿಸಿತು. ಈಗ ಹಂಚುವ ಮೊದಲು ಸ್ಕ್ಯಾನ್‌ನಿಂದ ಮುಖದ ಭಾಗವನ್ನು ಕತ್ತರಿಸುವ ಪದ್ಧತಿ ಬಂದಿದೆ. ಹಾಗೆ ಕತ್ತರಿಸಿದ ಮೇಲೂ ಕೆಲವರನ್ನು ಪತ್ತೆ ಹಚ್ಚಬಹುದು ಎಂದು ಅದೇ ತಂಡ ಮುಂದೆ ತೋರಿಸಿತು.

ಮುಖವಿಲ್ಲದಿದ್ದರೂ ಮೆದುಳೇ ಹೆಬ್ಬೆಟ್ಟಿನಂತೆ ಗುರುತು ಹೇಳಬಲ್ಲದು. ಮೆದುಳಿನ ಭಾಗಗಳು ಒಂದರೊಡನೊಂದು ಕೆಲಸ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು ಬಗೆ. ಯೇಲ್ ವಿಶ್ವವಿದ್ಯಾಲಯದವರು 2015ರಲ್ಲಿ 126 ಜನರ ಸ್ಕ್ಯಾನ್ ಇಟ್ಟುಕೊಂಡು, ಇನ್ನೊಂದು ದಿನ ತೆಗೆದ ಸ್ಕ್ಯಾನ್ ಇವರಲ್ಲಿ ಯಾರದ್ದು ಎಂಬುದನ್ನು ಬಹುಪಾಲು ಸರಿಯಾಗಿ ಹೇಳಿದರು.

ಗುರುತು ಬಯಲಾಗುವುದು ಒಂದು ಭಯ. ಕೇಳಿದ್ದು ಒಂದಕ್ಕೆ, ಬಳಸಿದ್ದು ಇನ್ನೊಂದಕ್ಕೆ ಎಂಬುದು ಇನ್ನೊಂದು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಸುಪೈ ಎಂಬ ಸಣ್ಣ ಮೂಲನಿವಾಸಿ ಬುಡಕಟ್ಟು ಇದೆ. ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು 1990ರಿಂದ ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದವರು ಅವರಿಂದ ರಕ್ತ ಪಡೆದರು. ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಕುರಿತ ಹಾಗೂ ಬುಡಕಟ್ಟು ಎಲ್ಲಿಂದ ವಲಸೆ ಬಂತು ಎಂಬ ಅಧ್ಯಯನಕ್ಕೂ ಬಳಸಿದ್ದು ವರ್ಷಗಳ ನಂತರ ಅವರಿಗೆ ತಿಳಿಯಿತು. ನ್ಯಾಯಾಲಯದ ಹಾದಿ ಹಿಡಿದ ಮೇಲೆ 2010ರಲ್ಲಿ ರಾಜಿಯಾಗಿ, 41 ಮಂದಿಗೆ ಒಟ್ಟು 7 ಲಕ್ಷ ಡಾಲರ್ ಪರಿಹಾರ ಸಿಕ್ಕಿತು, ಉಳಿದ ರಕ್ತವೂ ಹಿಂದಿರುಗಿತು. ಇದು ನಡೆದದ್ದು ಒಂದೇ ದೇಶದೊಳಗೆ. ರಕ್ತ ಬೇರೆ ದೇಶಕ್ಕೆ ಹೋಗಿದ್ದರೆ ಯಾವ ನ್ಯಾಯಾಲಯಕ್ಕೆ ಹೋಗಬೇಕಿತ್ತು? ರಕ್ತವನ್ನಾದರೂ ವಾಪಸ್ ಕೊಡಬಹುದು, ಹತ್ತು ಕಡೆ ನಕಲಾದ ಕಂಪ್ಯೂಟರ್ ಕಡತವನ್ನು ವಾಪಸ್ ಪಡೆಯುವುದು ಹೇಗೆ?

ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ

ಯುರೋಪಿನಲ್ಲಿ ಜಿಡಿಪಿಆರ್ ಎಂಬ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ. ಹೆಸರಿನ ಬದಲು ನಂಬರು ಹಾಕಿದ ಮಾತ್ರಕ್ಕೆ ಅಲ್ಲಿ ಮಾಹಿತಿ ಅನಾಮಧೇಯ ಎನಿಸುವುದಿಲ್ಲ. ಆ ನಂಬರು ಯಾರದ್ದು ಎಂಬ ಪಟ್ಟಿ ಎಲ್ಲಾದರೂ ಇದ್ದರೆ ಸಾಮಾನ್ಯವಾಗಿ ಅದಿನ್ನೂ ವ್ಯಕ್ತಿಯದೇ ಮಾಹಿತಿ. ಆರೋಗ್ಯದ ಮಾಹಿತಿಗೆ ವಿಶೇಷ ರಕ್ಷಣೆಯೂ ಇದೆ. ಹೊರದೇಶಕ್ಕೆ ಕಳುಹಿಸಬೇಕಾದರೆ ಆ ದೇಶದ ಕಾನೂನು ಸಾಕಷ್ಟು ಗಟ್ಟಿಯಾಗಿದೆ ಎಂದು ಯುರೋಪ್ ಒಪ್ಪಿರಬೇಕು, ಇಲ್ಲವಾದರೆ ನಿಗದಿತ ನಮೂನೆಯ ಕರಾರು ಮಾಡಿಕೊಳ್ಳುವಂಥ ದಾರಿ ಹಿಡಿಯಬೇಕು. ಜಪಾನ್ 2019ರಲ್ಲಿ, ದಕ್ಷಿಣ ಕೊರಿಯಾ 2021ರಲ್ಲಿ ಆ ಒಪ್ಪಿಗೆ ಪಡೆದವು. ಭಾರತಕ್ಕೆ ಅದು ಸಿಕ್ಕಿಲ್ಲ.

ಅಮೆರಿಕದ ಲೆಕ್ಕಾಚಾರ ಬೇರೆ. ಅಲ್ಲಿ 1996ರ ಆರೋಗ್ಯ ಕಾಯ್ದೆಯಡಿ ಬಂದ ನಿಯಮದಂತೆ ಹೆಸರು, ವಿಳಾಸ, ಫೋನು, ಪೂರ್ಣ ಮುಖದ ಚಿತ್ರ ಮುಂತಾದ 18 ಗುರುತುಗಳನ್ನು ತೆಗೆದರೆ ಆ ಕಾಯ್ದೆಯ ಹಿಡಿತದಿಂದ ಮಾಹಿತಿ ಬಿಡುಗಡೆಯಾಗುತ್ತದೆ. ಹೀಗಾಗಿ ಜರ್ಮನಿಯಲ್ಲಿ ಬೀಗದೊಳಗಿರುವ ಅದೇ ಬಗೆಯ ಸ್ಕ್ಯಾನ್ ಅಮೆರಿಕದಲ್ಲಿ ಮುಕ್ತವಾಗಿರಬಹುದು. ಯುರೋಪ್ ಮತ್ತು ಅಮೆರಿಕದ ನಡುವೆ ಮಾಹಿತಿ ಸಾಗಿಸಲು ಇದ್ದ ಒಪ್ಪಂದವನ್ನು ಯುರೋಪಿನ ನ್ಯಾಯಾಲಯ 2020ರ ಜುಲೈ 16ರಂದು ರದ್ದು ಮಾಡಿತು. ಮೂಲ ದೂರು ಕೊಟ್ಟದ್ದು ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾದ ವಕೀಲ, ತಕರಾರು ಇದ್ದದ್ದು ಫೇಸ್‌ಬುಕ್ ಬಗ್ಗೆ. ಎಲ್ಲಿಯ ಫೇಸ್‌ಬುಕ್, ಎಲ್ಲಿಯ ಮೆದುಳು! ಆದರೂ ಕರಾರಿನ ಮೇಲೆ ಮಾಹಿತಿ ಕಳುಹಿಸುವವರೂ ಆ ದೇಶದ ಕಾನೂನನ್ನು ಮೊದಲು ಪರಿಶೀಲಿಸಬೇಕು ಎಂದು ಆ ತೀರ್ಪು ಹೇಳಿದ್ದರಿಂದ ವೈದ್ಯಕೀಯ ಸಂಶೋಧಕರೂ ಪೇಚಿಗೆ ಸಿಕ್ಕಿದರು. ಹೊಸ ಒಪ್ಪಂದ ಬಂದದ್ದು 2023ರ ಜುಲೈನಲ್ಲಿ.

ಚೀನಾ 2021ರ ನವೆಂಬರ್ 1ರಿಂದ ತನ್ನದೇ ಬಿಗಿ ಕಾನೂನು ತಂದಿತು. ಅಮೆರಿಕವೂ ಈಗ ಬಾಗಿಲು ಕಿರಿದು ಮಾಡುತ್ತಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕಾಪಾಡುವ ನಿಯಂತ್ರಿತ ಮಾಹಿತಿ ಕಣಜಗಳಿಗೆ ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾ, ಕ್ಯೂಬಾ ಮತ್ತು ವೆನೆಜುವೆಲಾದ ಸಂಸ್ಥೆಗಳಿಗೆ 2025ರ ಏಪ್ರಿಲ್ 4ರಿಂದ ಪ್ರವೇಶ ನಿಷೇಧಿಸಲಾಯಿತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ.

ಚಿಲಿಯ ತೀರ್ಪು

ದಕ್ಷಿಣ ಅಮೆರಿಕದ ಚಿಲಿ 2021ರಲ್ಲಿ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು ಮೆದುಳಿನ ಚಟುವಟಿಕೆ ಮತ್ತು ಅದರಿಂದ ಬರುವ ಮಾಹಿತಿಗೆ ರಕ್ಷಣೆ ಕೊಟ್ಟಿತು. ಅದಕ್ಕೆ ಮುಂದಾಳಾಗಿದ್ದ ಸೆನೆಟರ್ ಗೀಡೊ ಜಿರಾರ್ಡಿ ಅಮೆರಿಕದ ಇಮೋಟಿವ್ ಎಂಬ ಕಂಪನಿಯ ಸಾಧನವೊಂದನ್ನು ಕೊಂಡರು. ತಲೆಗೆ ಹಾಕಿಕೊಂಡರೆ ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುವ ಪಟ್ಟಿ ಅದು. ಅಳತೆ ದಾಖಲಾದದ್ದು ಅವರ ಮನೆಯಲ್ಲಲ್ಲ, ಕಂಪನಿಯ ಕಂಪ್ಯೂಟರುಗಳಲ್ಲಿ. ಖಾತೆ ಮುಚ್ಚಿದರೂ ಹೆಸರು ತೆಗೆದ ಮಾಹಿತಿಯನ್ನು ಸಂಶೋಧನೆಗೆಂದು ಕಂಪನಿ ಇಟ್ಟುಕೊಳ್ಳಬಹುದು ಎಂಬುದು ಷರತ್ತು. ಜಿರಾರ್ಡಿ ನ್ಯಾಯಾಲಯಕ್ಕೆ ಹೋದರು. 2023ರ ಆಗಸ್ಟ್ 9ರಂದು ಚಿಲಿಯ ಸುಪ್ರೀಂ ಕೋರ್ಟು ಅವರ ಪರ ತೀರ್ಪಿತ್ತು, ಮಾಹಿತಿಯನ್ನು ಅಳಿಸಲು ಆದೇಶಿಸಿತು. ಸಾಮಾನು ಖರೀದಿಗೆ ಕೊಟ್ಟ ಒಪ್ಪಿಗೆ ಸಂಶೋಧನೆಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ, ಅದಕ್ಕೆ ಬೇರೆಯಾಗಿಯೇ ಕೇಳಬೇಕು ಎಂಬುದು ತೀರ್ಪಿನ ಸಾರ. ಮಾಹಿತಿ ಇದ್ದದ್ದು ಹೊರಗಿನ ಕಂಪನಿಯ ಬಳಿ, ತೀರ್ಪು ಕೊಟ್ಟದ್ದು ಚಿಲಿಯ ನ್ಯಾಯಾಲಯ. ಸಂವಿಧಾನದಲ್ಲಿ ಆ ಸಾಲು ಮೊದಲೇ ಇದ್ದದ್ದು ಅರ್ಜಿದಾರರಿಗೆ ಬಲವಾಯಿತು.

ಮಾಹಿತಿಯ ಬದಲು ಪ್ರಶ್ನೆ ಕಳುಹಿಸುವ ದಾರಿ

ಕಾನೂನುಗಳು ಹೀಗೆ ಒಂದಕ್ಕೊಂದು ತಾಳೆಯಾಗದಿರುವಾಗ ವಿಜ್ಞಾನಿಗಳು ಕಂಡುಕೊಂಡ ಉಪಾಯವೊಂದಿದೆ. ಮಾಹಿತಿ ಇದ್ದಲ್ಲೇ ಇರಲಿ, ಪ್ರಶ್ನೆ ಅಲ್ಲಿಗೆ ಹೋಗಲಿ. 2009ರಲ್ಲಿ ಆರಂಭವಾದ 'ಎನಿಗ್ಮಾ' ಎಂಬ ಒಕ್ಕೂಟದಲ್ಲಿ 40ಕ್ಕೂ ಹೆಚ್ಚು ದೇಶಗಳ ಸಂಶೋಧಕರಿದ್ದಾರೆ. ಲೆಕ್ಕ ಮಾಡುವ ವಿಧಾನವನ್ನು ಎಲ್ಲರಿಗೂ ಒಂದೇ ರೀತಿ ಕೊಡಲಾಗುತ್ತದೆ. ಅವರವರ ಊರಿನ ಸ್ಕ್ಯಾನ್‌ಗಳ ಮೇಲೆ ಅವರವರೇ ಲೆಕ್ಕ ಹಾಕಿ, ಬಂದ ಮೊತ್ತವನ್ನು ಮಾತ್ರ ಕಳುಹಿಸಿದರೂ ನಡೆಯುತ್ತದೆ. ಹಾಲಿನ ಡೇರಿಗಳು ಹಾಲನ್ನು ಇಟ್ಟುಕೊಂಡು ಫ್ಯಾಟಿನ ಲೆಕ್ಕವನ್ನಷ್ಟೇ ಒಕ್ಕೂಟಕ್ಕೆ ತಿಳಿಸಿದ ಹಾಗೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕಿನಲ್ಲಿ 5 ಲಕ್ಷ ಜನರ ಆರೋಗ್ಯದ ಮಾಹಿತಿ ಇದೆ. ಮೆದುಳೂ ಸೇರಿದಂತೆ ದೇಹದ ಸ್ಕ್ಯಾನ್ ಮಾಡಿಸಿಕೊಂಡವರ ಸಂಖ್ಯೆ 2025ರ ಜುಲೈನಲ್ಲಿ 1 ಲಕ್ಷ ಮುಟ್ಟಿತು. ಮೊದಲು ಸಂಶೋಧಕರು ಈ ಮಾಹಿತಿಯನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದರು. ಬಳಿಕ ಬಯೋಬ್ಯಾಂಕ್ ಅದನ್ನು ಬದಲಿಸಿ, ತನ್ನದೇ ವೇದಿಕೆಯೊಳಗೆ ಬಂದು ಕೆಲಸ ಮಾಡುವ ವ್ಯವಸ್ಥೆಗೆ ಹೊರಳಿತು.

ಎಲ್ಲಕ್ಕೂ ಇದು ಮದ್ದಲ್ಲ. ಕೆಲವು ಪ್ರಶ್ನೆಗಳಿಗೆ ಸ್ಕ್ಯಾನನ್ನೇ ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ. ಅಮೆರಿಕ, ಯುರೋಪ್, ಜಪಾನ್, ಕೊರಿಯಾ, ಆಸ್ಟ್ರೇಲಿಯಾ ಮುಂತಾದೆಡೆಯ ಮೆದುಳು ಯೋಜನೆಗಳು 2017ರ ಡಿಸೆಂಬರಿನಲ್ಲಿ ಕಟ್ಟಿಕೊಂಡ ಅಂತಾರಾಷ್ಟ್ರೀಯ ಕೂಟ ಇದಕ್ಕೆ ಸಮಾನ ನಿಯಮಗಳು ಬೇಕು ಎನ್ನುತ್ತ ಬಂದಿದೆ. ಡೇಮಿಯನ್ ಎಕೆ ಮತ್ತು ಸಂಗಡಿಗರು 2022ರಲ್ಲಿ 'ನ್ಯೂರಾನ್' ಪತ್ರಿಕೆಯಲ್ಲಿ ಈ ಬಗ್ಗೆ ವಿವರವಾದ ಲೇಖನ ಬರೆದರು. ಯುನೆಸ್ಕೊ 2025ರ ನವೆಂಬರಿನಲ್ಲಿ ಮೆದುಳು ತಂತ್ರಜ್ಞಾನದ ನೈತಿಕತೆ ಕುರಿತ ಶಿಫಾರಸನ್ನು ಅಂಗೀಕರಿಸಿತು. ಶಿಫಾರಸು ಶಿಫಾರಸೇ, ಉಲ್ಲಂಘಿಸಿದವರಿಗೆ ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

ಭಾರತದ ಕಾನೂನು ಮತ್ತು ಭಾಷೆಯ ಪ್ರಶ್ನೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಮೊಕದ್ದಮೆಗೆ ಹೆಸರು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಅದರ ಬೆನ್ನಿಗೆ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಕೊಟ್ಟ ಕರಡಿನಲ್ಲಿ ಆರೋಗ್ಯ ಮತ್ತು ವಂಶವಾಹಿ ಮಾಹಿತಿಯನ್ನು 'ಸೂಕ್ಷ್ಮ' ಎಂದು ಬೇರೆಯಾಗಿ ಇಡಲಾಗಿತ್ತು. ಕೊನೆಗೆ 2023ರ ಆಗಸ್ಟಿನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಮೆದುಳಿನ ಸ್ಕ್ಯಾನಿಗೂ ಫೋನ್ ನಂಬರಿಗೂ ಅದರಲ್ಲಿ ಒಂದೇ ಸ್ಥಾನ. ಹೊರದೇಶಕ್ಕೆ ಕಳುಹಿಸುವ ವಿಷಯದಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಯಾವುದಾದರೂ ದೇಶಕ್ಕೆ ನಿರ್ಬಂಧ ಹಾಕಬಹುದು, ಹಾಕದಿದ್ದರೆ ದಾರಿ ತೆರೆದಿದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಅವಧಿ ಕೊಡಲಾಯಿತು.

ಈ ಕಾಯ್ದೆಯಲ್ಲಿ ಗಡಿ ಕನ್ನಡಿಗರಿಗೆ ಉಪಯೋಗವಾಗುವ ಒಂದು ಅಂಶವಿದೆ. ಮಾಹಿತಿ ಕೇಳುವವರು ಕೊಡುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಇರಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ. ರಾಜ್ಯ ಯಾವುದು ಎಂಬ ಪ್ರಶ್ನೆ ಏಳುವುದಿಲ್ಲ. ಜತ್ತದಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ ನಮೂನೆ ಕೈಗಿಟ್ಟರೂ ಕನ್ನಡದ್ದು ಕೇಳುವ ಹಕ್ಕಿಗೆ ಇದು ಆಧಾರ. ಆದರೆ ಅದೇ ಕಾಯ್ದೆಯ 17ನೇ ಕಲಮು ಸಂಶೋಧನೆಗೆ ವಿನಾಯಿತಿ ಕೊಡುತ್ತದೆ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಕೈಗೊಳ್ಳಲು ಬಳಸದಿದ್ದರೆ ಮತ್ತು ನಿಗದಿಪಡಿಸಿದ ಮಾನದಂಡ ಪಾಲಿಸಿದರೆ ಕಾಯ್ದೆ ಅನ್ವಯವಾಗುವುದಿಲ್ಲ. ಬ್ಯಾಂಕಿನವರು ಕನ್ನಡದಲ್ಲಿ ನೋಟಿಸ್ ಕೊಡಬೇಕು, ಮೆದುಳಿನ ಸಂಶೋಧಕರು ಈ ವಿನಾಯಿತಿಯ ನೆರಳಲ್ಲಿ ನಿಲ್ಲಬಹುದು. ವಿಚಿತ್ರವೆನಿಸಿದರೂ ಕಾನೂನು ಇರುವುದು ಹಾಗೆ.

ಈ ಜಾಗವನ್ನು ತುಂಬುವುದು ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ. ಸಂಶೋಧನೆಗೆ ಒಳಪಡುವವರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಣೆ ಮತ್ತು ಒಪ್ಪಿಗೆ ಪತ್ರ ಇರಬೇಕು ಎನ್ನುತ್ತದೆ ಅದು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧಕರ ಕಡೆಯವರಲ್ಲದ, ಓದುಬಲ್ಲ ಸಾಕ್ಷಿಯೊಬ್ಬರು ಇರಬೇಕು. ವಿದೇಶಿ ಪಾಲುದಾರಿಕೆಯ ಆರೋಗ್ಯ ಸಂಶೋಧನೆ ಸ್ಥಳೀಯ ನೈತಿಕ ಸಮಿತಿಯ ಒಪ್ಪಿಗೆಯ ಜೊತೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆಯೂ ಹೋಗಬೇಕು.

ಸಮೀಕ್ಷೆಯವರು ಊರಿಗೆ ಬಂದಾಗ ಕೇಳಬಹುದಾದ ಪ್ರಶ್ನೆಗಳು ಇಷ್ಟೇ: ಸ್ಕ್ಯಾನ್ ಮತ್ತು ರಕ್ತದ ಮಾಹಿತಿ ಯಾವ ದೇಶಕ್ಕೆ ಹೋಗುತ್ತದೆ, ಹೋಗುವ ಮೊದಲು ಮುಖದ ಭಾಗ ತೆಗೆಯುತ್ತಾರೆಯೇ, ಈ ಕಾಯಿಲೆ ಬಿಟ್ಟು ಬೇರೆ ಅಧ್ಯಯನಕ್ಕೂ ಬಳಸುತ್ತಾರೆಯೇ, ಸ್ಕ್ಯಾನಿನಲ್ಲಿ ಗಡ್ಡೆಯೋ ಮತ್ತೊಂದೋ ಕಂಡರೆ ತಿಳಿಸುತ್ತಾರೆಯೇ. ಮಧ್ಯದಲ್ಲಿ ಹಿಂದೆ ಸರಿಯುವ ಹಕ್ಕು ಎಲ್ಲರಿಗೂ ಇದೆ. ಆದರೆ ಆ ಹೊತ್ತಿಗಾಗಲೇ ಬೇರೆಯವರಿಗೆ ತಲುಪಿ, ದೊಡ್ಡ ಲೆಕ್ಕದಲ್ಲಿ ಸೇರಿಹೋದ ಮಾಹಿತಿಯನ್ನು ಹೆಕ್ಕಿ ತೆಗೆಯುವುದು ಸಾಮಾನ್ಯವಾಗಿ ಆಗುವುದಿಲ್ಲ. ಹಾಗಾಗಿ ಕೇಳುವುದಿದ್ದರೆ ಸಹಿ ಹಾಕುವ ಮುನ್ನವೇ ಕೇಳಬೇಕು. ಒಪ್ಪಿಗೆ ಪತ್ರದಲ್ಲಿ ನೈತಿಕ ಸಮಿತಿಯ ಫೋನ್ ನಂಬರು ಇರುತ್ತದೆ, ಸಹಿಯಾದ ಪತ್ರದ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಲು ಕೊಡಬೇಕು.